ಕಾಫಿ ಹೂವಿಗೆ ಹೆದರಿದ ಸೊಸೆ

ಕಾಫಿ ಹೂವಿನ ವಾಸನೆ ಬಂದರೆ ಮೂಗಿಗೆ ಸೆರಗು ಹಿಡಿದು ಮನೆಯೊಳಗೆ ಓಡುವ ಹೆಂಗಸು ಹಾನುಬಾಳು ಹೋಬಳಿಯಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಇನ್ನೊಬ್ಬಳು ಇದ್ದಿರಲಾರಳು. ಇದನ್ನು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯಿಲ್ಲ, ಆಗ ಬೇಕಾದಷ್ಟಿತ್ತು. ಕಾಫಿಯನ್ನೇ ನಂಬಿದ ಮನೆಗೆ ಸೊಸೆಯಾಗಿ ಬಂದು ಅದರ ಹೂವಿಗೇ ಹೆದರುತ್ತೇನೆಂದರೆ ಯಾರು ನಂಬುತ್ತಾರೆ? ನನ್ನ ಅಮ್ಮನೇ ನಂಬಲಿಲ್ಲ. ಕೆಲಸ ತಪ್ಪಿಸಿಕೊಳ್ಳಲು ನಾನು ಹೂಡಿದ ಹೊಸ ಆಟ ಎಂದುಕೊಂಡಳು. ಹೆತ್ತವಳಿಗೆ ನನ್ನ ಹಳೆಯ ಆಟಗಳೆಲ್ಲ ಗೊತ್ತಿದ್ದವು.

ನಾನು ಆಲೂರು ಕಡೆಯವಳು. ತವರಿನಲ್ಲಿ ಆಲೂಗೆಡ್ಡೆ, ಶುಂಠಿ, ಒಂದಿಷ್ಟು ಗದ್ದೆ. ಅಲ್ಲಿ ನಾವು ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದು ಮೋಡ ನೋಡುತ್ತ ಕೂರುವವರು. ತೊಂಬತ್ತರ ದಶಕದ ಕೊನೆಗೆ ಮದುವೆಯಾಗಿ ಹಾನುಬಾಳಿನ ಹತ್ತಿರದ ಈ ತೋಟಕ್ಕೆ ಬಂದಾಗ, ಮಳೆಯನ್ನು ಪೈಪಿನಲ್ಲಿ ತರಿಸುವ ಜನರನ್ನು ಮೊದಲ ಸಲ ನೋಡಿದೆ. ರೋಬಸ್ಟಾ ಕಾಫಿಗೆ ಚಳಿ ಕಳೆಯುತ್ತಿದ್ದಂತೆ ಒಂದು ಒಳ್ಳೆಯ ಮಳೆ ಬೇಕು. ಆ ಹೂಮಳೆ ಬಿದ್ದು ವಾರ ಕಳೆಯಿತೆಂದರೆ ಮೊಗ್ಗುಗಳೆಲ್ಲ ಒಟ್ಟಿಗೆ ಅರಳಿಬಿಡುತ್ತವೆ. ಮಳೆ ಕೈಕೊಟ್ಟರೆ ಡೀಸೆಲ್ ಇಂಜಿನ್ ಇಟ್ಟು ಕೆರೆಯಿಂದ ನೀರೆತ್ತಿ, ಗಿಡಗಳಿಗಿಂತ ಎತ್ತರದ ಪೈಪಿನ ತುದಿಯಲ್ಲಿ ನೀರು ಚಿಮ್ಮುವ ಜೆಟ್ ಕೂರಿಸಿ ಹೊಡೆಸುತ್ತಾರೆ. ಜೆಟ್ಟು ಚಟ್ ಚಟ್ ಚಟ್ ಎನ್ನುತ್ತ ನಿಧಾನವಾಗಿ ಸುತ್ತು ತಿರುಗುತ್ತದೆ. ತೋಟದ ಒಂದೊಂದು ಭಾಗವೂ ಒಂದೊಂದು ಬ್ಲಾಕು; ಇವತ್ತು ಈ ಬ್ಲಾಕಿಗೆ, ನಾಳೆ ಆ ಬ್ಲಾಕಿಗೆ. ಹಾಗಾಗಿ ಮೇಲಿನ ಬ್ಲಾಕು ಅರಳಿ ಘಮಘಮ ಎನ್ನುತ್ತಿರುವಾಗ ಕೆಳಗಿನ ಬ್ಲಾಕಿನಲ್ಲಿ ಇನ್ನೂ ಜೆಟ್ಟು ತಿರುಗುತ್ತಿರುತ್ತದೆ.

ನಮ್ಮ ಅತ್ತೆಗೆ ಯುಗಾದಿ, ಗೌರಿ, ದೀಪಾವಳಿ ಎಲ್ಲಕ್ಕಿಂತ ದೊಡ್ಡ ಹಬ್ಬ ಒಂದಿತ್ತು. ಅದಕ್ಕೆ ಪಂಚಾಂಗದಲ್ಲಿ ಜಾಗವಿರಲಿಲ್ಲ. ಮೇಲಿನ ಬ್ಲಾಕು ಪೂರ್ತಿ ಅರಳಿದ ಬೆಳಿಗ್ಗೆ, ತೋಟದ ನಡುವಿನ ಹಾಸುಬಂಡೆಯ ಮೇಲೆ ಕೂತು ಕಡುಬು ತಿನ್ನುವುದು. ಹೂ ಬಿಟ್ಟಾಗ ತೋಟದೊಳಗೆ ಯಾರೂ ಕೆಲಸ ಮಾಡುವುದಿಲ್ಲ. ಆಳುಗಳಿಗೂ ಅವತ್ತು ಆ ಕಡೆ ಕೆಲಸವಿರುವುದಿಲ್ಲ. ಆ ನಿಶ್ಶಬ್ದದಲ್ಲಿ ಅತ್ತೆ ಬಿಸಿ ಕಡುಬಿಗೆ ತುಪ್ಪ ಬೆಲ್ಲ ಹಾಕಿ, ಜೊತೆಗೊಂದು ಕಾಯಿಚಟ್ನಿ, ಕ್ಯಾನಿನಲ್ಲಿ ಕಾಫಿ ತುಂಬಿಕೊಂಡು ಹೊರಡುತ್ತಿದ್ದರು. ಮಾವ ಇದ್ದಾಗ ಅವರಿಬ್ಬರೇ ಶುರುಮಾಡಿದ್ದಂತೆ. ಮಾವ ಹೋದ ಮೇಲೂ ಅತ್ತೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ನಾನು ಬಂದ ವರ್ಷ ನನ್ನನ್ನೂ ಕರೆದುಕೊಂಡು ಹೋದರು. ಬೆಟ್ಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯಂಥ ವಾಸನೆಯಲ್ಲಿ ಕೂತು ನಾನು ಎಷ್ಟು ಕಡುಬು ತಿಂದೆನೆಂದರೆ, ವಾಪಸು ಬರುವಾಗ ಅತ್ತೆ ಖಾಲಿ ಪಾತ್ರೆಯನ್ನು ಎಲ್ಲರಿಗೂ ತೋರಿಸಿಕೊಂಡು ಬಂದರು.

ಮರುವರ್ಷ ಆ ಪ್ರಸಂಗ ನಡೆಯಿತು. ಮೇಲಿನ ಬ್ಲಾಕು ಮಾರನೆಯ ದಿನ ಪೂರ್ತಿ ಅರಳುವುದರಲ್ಲಿತ್ತು, ವಾಸನೆ ಆಗಲೇ ಇಳಿಯುತ್ತಿತ್ತು. ಕೆಳಗೆ ನಮ್ಮನೆಯವರು ಆಳುಗಳನ್ನು ಕಟ್ಟಿಕೊಂಡು ಜೆಟ್ಟು ಜೋಡಿಸುತ್ತಿದ್ದರು. ಅತ್ತೆ, ನಾನು ಕಾಫಿ ತೆಗೆದುಕೊಂಡು ಹೋಗಿದ್ದೆವು. ಇಂಜಿನ್ ಶುರುವಾಯಿತು. ಹೊಸದಾಗಿ ಜೋಡಿಸಿದ ಪೈಪೆಂದರೆ ಎಲ್ಲರ ಕಣ್ಣೂ ನೆಲದ ಮೇಲೆ, ಯಾವ ಜಾಯಿಂಟಿನಲ್ಲಿ ನೀರು ಸೋರುತ್ತದೆ ಎಂದು. ತಲೆಯೆತ್ತಿ ಮರ ನೋಡಿದವರು ಒಬ್ಬರೂ ಇಲ್ಲ. ಹಿಂದಿನ ದಿನ ಖಾಲಿಯಿದ್ದ ಬಸರಿ ಮರದ ಕೊಂಬೆಗೆ ಅಷ್ಟರಲ್ಲಿ ಹೆಜ್ಜೇನು ಬಂದು ಕೂತಿತ್ತು. ಮೊರದಗಲ ನೇತಾಡುತ್ತಿತ್ತು. ಜೆಟ್ಟು ಚಟ್ ಚಟ್ ಎನ್ನುತ್ತ ತಿರುಗಿ ಅದಕ್ಕೇ ನೇರವಾಗಿ ನೀರು ಹೊಡೆಯಿತು.

ಮುಂದಿನದೆಲ್ಲ ಓಟ. ನಮ್ಮನೆಯವರು ಕೆರೆಗೆ ಹಾರಿಕೊಂಡರು. ಆಳುಗಳು ದಿಕ್ಕಾಪಾಲಾದರು. ಅತ್ತೆ ಓಡಲಿಲ್ಲ. ಪೈಪು ಹೊರಲು ತಂದಿದ್ದ ಗೋಣಿಚೀಲ ಎಳೆದುಕೊಂಡು, ನನ್ನ ಜಡೆ ಹಿಡಿದು ಕಾಫಿ ಗಿಡದ ಬುಡಕ್ಕೆ ಕೆಡವಿ, ಇಬ್ಬರ ಮೇಲೂ ಚೀಲ ಹೊದಿಸಿಕೊಂಡರು.

"ಅಲ್ಲಾಡ್ಬ್ಯಾಡ ಕಣವ್ವ. ಸತ್ತೋರಂಗೆ ಬಿದ್ಕೊ," ಎಂದರು.

ಬಿದ್ದುಕೊಂಡೆ. ಚೀಲದೊಳಗೂ ನಾಲ್ಕಾರು ಹುಳ ನುಗ್ಗಿ ಕೈಗೆ, ಕತ್ತಿಗೆ ಚುಚ್ಚಿದವು. ಇಂಜಿನ್ ನಿಲ್ಲಿಸಲು ಯಾರಿಗೂ ಧೈರ್ಯವಿಲ್ಲ, ಜೆಟ್ಟು ತನ್ನ ಪಾಡಿಗೆ ಚಟ್ ಚಟ್ ಚಟ್ ಎಂದು ಸುತ್ತುತ್ತಲೇ ಇತ್ತು. ಮೇಲಿನಿಂದ ಹೂವಿನ ವಾಸನೆ ಬರುತ್ತಲೇ ಇತ್ತು. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ನನಗೆ ನೆನಪಿರುವುದು ಆ ಸದ್ದು, ಆ ವಾಸನೆ, ಉರಿ. ಮೂರೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ.

ದೇವರು ದೊಡ್ಡವನು, ಯಾರಿಗೂ ಹೆಚ್ಚಿನದೇನೂ ಆಗಲಿಲ್ಲ. ಜೀಪಿನಲ್ಲಿ ಹಾನುಬಾಳಿಗೆ ಹೋಗಿ ಸಾಲಾಗಿ ನಿಂತು ಇಂಜೆಕ್ಷನ್ ಚುಚ್ಚಿಸಿಕೊಂಡೆವು. ಡಾಕ್ಟರು ನಮ್ಮನೆಯವರನ್ನು ಎರಡು ಸಲ ನೋಡಿ, ಯಜಮಾನರು ಬರಲಿಲ್ಲವೇ ಎಂದು ಅವರನ್ನೇ ಕೇಳಿದರು. ಅಷ್ಟು ಊದಿಕೊಂಡಿದ್ದರು. ಅತ್ತೆಯ ಒಂದು ಕಿವಿ ಎಲೆಕೋಸಿನ ಹಾಗಾಗಿತ್ತು. ಆ ಕಿವಿಯ ಮೇಲೇ ಕೈ ಇಟ್ಟುಕೊಂಡು ದಾರಿಯುದ್ದಕ್ಕೂ ನಗುತ್ತ ಬಂದರು. ಜಗತ್ತಿನಲ್ಲಿ ಹೆದರಿಕೆ ಎಂಬುದನ್ನು ಕಾಣದ ಹೆಂಗಸು ಎಂದುಕೊಂಡೆ. ಮಾರನೆಯ ದಿನ ಮೇಲಿನ ಬ್ಲಾಕು ಅರಳಿತು. ಎಲ್ಲರ ಮುಖವೂ ಊದಿದ್ದರಿಂದ ಆ ವರ್ಷ ಕಡುಬಿನ ಮಾತೇ ಬರಲಿಲ್ಲ.

ಊತ ಇಳಿಯಿತು. ನಾನು ಅದನ್ನು ಮರೆತೆ ಎಂದೇ ತಿಳಿದಿದ್ದೆ. ಮತ್ತೊಂದು ದಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಾಗ ದೂರದ ಬ್ಲಾಕಿನಲ್ಲಿ ಜೆಟ್ಟು ಶುರುವಾಯಿತು. ಚಟ್ ಚಟ್ ಚಟ್. ಮರುಗಳಿಗೆಗೆ ನಾನು ಕಾಫಿ ಸ್ಟೋರಿನೊಳಗೆ, ಮೂಟೆಗಳ ಹಿಂದೆ, ಬಾಗಿಲಿಗೆ ಚಿಲಕ ಹಾಕಿಕೊಂಡು ನಿಂತಿದ್ದೆ. ಕೈಯಲ್ಲಿ ಸೋಪು ಹಾಗೇ ಇತ್ತು. ನಾನು ಯೋಚಿಸಿ ಓಡಿದ್ದಲ್ಲ. ಕಾಲು ಓಡಿದ ಮೇಲೆ ನನಗೆ ಸುದ್ದಿ ಮುಟ್ಟಿತು.

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ಜೆಟ್ಟಿಗೆ ಹೆದರಿದರೆ ಒಂದು ಅರ್ಥವಿದೆ. ಜೀಪಿನ ಇಂಡಿಕೇಟರ್ ಟಕ್ ಟಕ್ ಎಂದರೂ ಎದೆ ಬಾಯಿಗೆ ಬರುತ್ತಿತ್ತು. ಗ್ಯಾಸ್ ಲೈಟರ್ ಒತ್ತಲು ಆಗದೆ ಬೆಂಕಿಪೊಟ್ಟಣ ಹುಡುಕುತ್ತಿದ್ದೆ. ಬೆಳಗೋಡಿನಲ್ಲೊಂದು ಮದುವೆಗೆ ಹೋಗಿದ್ದೆವು. ಸುತ್ತಲೂ ಮಲ್ಲಿಗೆ ಮುಡಿದ ಹೆಂಗಸರು. ಆ ವಾಸನೆಗೆ ಬೆವರು ಕಿತ್ತುಕೊಂಡು ಬಂತು, ಹೊಟ್ಟೆ ತೊಳೆಸಿತು. ಧಾರೆಗೆ ಮೊದಲೇ ಎದ್ದು ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ನಾನು ಮನೆ ಸೇರುವಷ್ಟರಲ್ಲಿ ನಾನು ಬಸುರಿ ಎಂಬ ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಮರುದಿನ ನಮ್ಮಮ್ಮ ಆಲೂರಿನಿಂದ ಉಪ್ಪಿನಕಾಯಿ ಹೊತ್ತು ಬಂದಳು. ನಿಜ ಹೇಳಿದಾಗ ಉಪ್ಪಿನಕಾಯಿಯನ್ನು ವಾಪಸು ಒಯ್ಯಬೇಕೋ ಬೇಡವೋ ಎಂದು ಯೋಚಿಸಿದಳು.

ನಮ್ಮ ನಡುಮನೆಯಲ್ಲಿ ಮಾವ ತಂದು ಹಾಕಿದ್ದ ಕೀಲಿ ಕೊಡುವ ಗಡಿಯಾರವಿತ್ತು. ಅದೂ ಅದೇ ದಿನಗಳಲ್ಲಿ ನಿಂತಿತು. ಕೆಟ್ಟಿದೆ ಎಂದರು ಅತ್ತೆ. ಸಕಲೇಶಪುರದಲ್ಲಿ ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಎಂದು ನಮ್ಮನೆಯವರು ಹೇಳಿದರೆ, ಅದರ ತಂಟೆಗೆ ಹೋಗಬೇಡ ಎಂದು ಗದರಿದರು. ನನಗೆ ಅರ್ಥವಾಯಿತು. ಅದರ ಟಿಕ್ ಟಿಕ್ ಸದ್ದು ಸೊಸೆಗೆ ಆಗದು ಎಂದು ಕೀಲಿ ಕೊಡುವುದನ್ನೇ ನಿಲ್ಲಿಸಿದ್ದಾರೆ. ಬಾಯಿಬಿಟ್ಟು ಹೇಳದ ಆ ಉಪಕಾರಕ್ಕೆ ನನಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿ ಬಂತು.

ಆದರೆ ಮುಂದಿನ ವರ್ಷ ಹೂ ಅರಳಿದಾಗ ಆ ಪ್ರೀತಿಯೇ ನನಗೆ ಭಾರವಾಯಿತು. ಅತ್ತೆ ಕಡುಬಿನ ಅಕ್ಕಿತರಿ ತೆಗೆಯಲಿಲ್ಲ. ಮಂಡಿ ನೋವು, ಬಂಡೆಯವರೆಗೆ ಹತ್ತಲಾಗದು ಎಂದರು. ಅದೇ ಮಂಡಿ ಹಿಂದಿನ ದಿನ ಅಟ್ಟ ಹತ್ತಿ ಮೆಣಸಿನ ಚೀಲ ಇಳಿಸಿತ್ತು. ಅವರು ಹಿತ್ತಿಲ ಬಾಗಿಲಲ್ಲಿ ನಿಂತು ಬೆಳ್ಳಗಾದ ಬೆಟ್ಟವನ್ನು ನೋಡಿ ಒಳಗೆ ಬಂದರು. ಮಾವ ಹೋದ ವರ್ಷವೂ ತಪ್ಪದ ಊಟ ನನ್ನ ಹೆದರಿಕೆಯಿಂದಾಗಿ ತಪ್ಪಿತಲ್ಲ ಎಂದು ನನಗೆ ಅಳುವೇ ಬಂತು. ನೀವು ಹೋಗಿ ಬನ್ನಿ ಎಂದೆ. ಒಬ್ಬಳೇ ಕೂತು ತಿನ್ನೋಕೆ ನಾನೇನು ಗೂಬೆಯಾ ಎಂದು ತಳ್ಳಿಹಾಕಿದರು. ಅವತ್ತು ನಿರ್ಧಾರ ಮಾಡಿದೆ. ಮುಂದಿನ ಹೂವಿಗೆ ಆ ಬಂಡೆಯ ಮೇಲೆ ಅತ್ತೆಯನ್ನು ಕೂರಿಸದಿದ್ದರೆ ನಾನು ಈ ಮನೆಯ ಸೊಸೆಯೇ ಅಲ್ಲ.

ನಿರ್ಧಾರವೇನೋ ಆಯಿತು. ಕಾಲು ಕೇಳಬೇಕಲ್ಲ. ನಾನೇ ನನಗೆ ಬುದ್ಧಿ ಹೇಳಿಕೊಂಡೆ, ಬೈದುಕೊಂಡೆ, ಹಲ್ಲು ಕಚ್ಚಿ ಜೆಟ್ಟಿನ ಹತ್ತಿರ ಹೋದೆ. ಹೋದಷ್ಟೇ ವೇಗದಲ್ಲಿ ತಿರುಗಿ ಬಂದೆ. ಪ್ರತಿ ಸಲ ಓಡಿಬಂದಾಗಲೂ ಹೆದರಿಕೆ ಇನ್ನಷ್ಟು ಕೊಬ್ಬುತ್ತಿತ್ತು.

ಆ ಮಳೆಗಾಲದಲ್ಲಿ ನಮ್ಮ ಕೆಂದು ಹಸುವಿನ ಕಾಲು ಹಳ್ಳ ದಾಟಲು ಹಾಕಿದ್ದ ಕಲ್ಲುಸಂಕದ ಸಂದಿಗೆ ಸಿಕ್ಕಿಬಿಟ್ಟಿತು. ಪೆಟ್ಟೇನೂ ಜೋರಾಗಲಿಲ್ಲ, ಆದರೆ ಅಂದಿನಿಂದ ಸಂಕ ಕಂಡರೆ ನೆಲಕ್ಕೆ ಕಾಲು ಕೊಟ್ಟು ನಿಲ್ಲುತ್ತಿತ್ತು. ನಮ್ಮನೆಯವರು ಬಾರುಕೋಲು ತೆಗೆದುಕೊಂಡರು. ಅತ್ತೆ ಕಿತ್ತುಕೊಂಡರು.

"ಹೆದರಿರೋ ದನಾನ ಹೊಡುದ್ರೆ ಸಂಕಕ್ಕೂ ಹೆದರ್ತದೆ, ನಿಂಗೂ ಹೆದರ್ತದೆ ಕಣೋ. ಬುಡು ಅತ್ಲಾಗೆ."

ಮೊದಲು ತೌಡಿನ ಬಕೆಟ್ಟನ್ನು ಸಂಕ ಕಾಣುವಷ್ಟು ದೂರದಲ್ಲಿ ಇಟ್ಟರು. ಹಸು ಒಂದು ಕಣ್ಣು ಸಂಕದ ಮೇಲಿಟ್ಟುಕೊಂಡೇ ತಿಂದಿತು. ಮರುದಿನ ಬಕೆಟ್ಟು ಸ್ವಲ್ಪ ಮುಂದೆ. ಅದು ಬೆದರಿದ ದಿನ ಮತ್ತೆ ಹಿಂದೆ. ಹೀಗೇ ಜರುಗಿ ಜರುಗಿ ಒಂದು ದಿನ ಬಕೆಟ್ಟು ಸಂಕದ ಆಚೆಗೆ ಹೋಯಿತು, ಹಸುವೂ ಹೋಯಿತು. ನಾನು ಚಪ್ಪಾಳೆ ತಟ್ಟಿದೆ. ಅತ್ತೆ ಹಸುವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಗ ನನಗೆ ಅದರ ಅರ್ಥವಾಗಲಿಲ್ಲ.

ಚಳಿ ಕಳೆದು ಮತ್ತೆ ಜೆಟ್ಟು ಶುರುವಾಯಿತು. ಮೊದಲ ದಿನ ತುಂಬ ದೂರದ ಬ್ಲಾಕಿನಲ್ಲಿ. ಸಂಜೆ ಕಾಫಿಯ ಹೊತ್ತಿಗೆ ಅತ್ತೆ ಅಡಿಗೆಮನೆ ಬಿಟ್ಟು ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಸಿದರು. ಒಳಗೆ ಸೆಕೆ ಎಂದರು. ಎರಡು ಲೋಟ ಕಾಫಿ, ತಟ್ಟೆಯಲ್ಲಿ ಬಿಸಿ ಕಡುಬು, ಮೇಲೆ ತುಪ್ಪ ಬೆಲ್ಲ. ಸದ್ದು ಕಿವಿಗೊಟ್ಟರೆ ಮಾತ್ರ ಕೇಳುವಷ್ಟಿತ್ತು. ಎದೆ ಹೊಡೆದುಕೊಂಡಿತು, ಆದರೆ ಕಡುಬು ಬಿಸಿಯಿತ್ತು.

"ಲೋಟದಲ್ಲಿ ಅರ್ಧ ಬುಟ್ಟು ಏಳ್ಬಾರ್ದು ಕಣವ್ವ. ಖಾಲಿಯಾಗೋ ತಂಕ ಕೂತ್ಕೊ," ಎಂದರು ಅತ್ತೆ.

ಹಾಗೊಂದು ಶಾಸ್ತ್ರ ನಾನೆಲ್ಲೂ ಕೇಳಿರಲಿಲ್ಲ. ಆದರೂ ಕೂತೆ. ಕಾಫಿ ತಳ ಕಾಣುವಷ್ಟರಲ್ಲಿ ಎದೆ ತಾನಾಗಿ ಸಮಕ್ಕೆ ಬಂದಿತ್ತು. ಮರುದಿನ ಚಾಪೆ ಕಾಫಿ ಒಣಗಿಸುವ ಕಣಕ್ಕೆ ಹೋಯಿತು. ಅದರ ಮರುದಿನ ಕಣದ ಆಚೆ ತುದಿಗೆ. ಆಮೇಲೆ ತೋಟದ ಗೇಟಿಗೆ. ಒಂದೊಂದು ದಿನಕ್ಕೆ ಒಂದೊಂದು ನೆಪ: ಇಲ್ಲಿ ಗಾಳಿ ಚೆನ್ನಾಗಿದೆ, ಅಲ್ಲಿ ನೆರಳಿದೆ, ಆಳುಗಳ ಮೇಲೆ ಒಂದು ಕಣ್ಣಿಡಬೇಕು. ಗೇಟಿನ ಹತ್ತಿರ ಕೂತು ಕಡುಬು ಮುರಿಯುತ್ತಿದ್ದಾಗ ಒಮ್ಮೆಗೇ ಹೊಳೆಯಿತು. ಬಾಯಲ್ಲಿದ್ದುದನ್ನು ನುಂಗಿ ಕೇಳಿದೆ, ಅತ್ತೆ, ಇದು ತೌಡಿನ ಬಕೆಟ್ಟಲ್ಲವಾ? ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಾಗ ಗಮನಕ್ಕೆ ಬಂತು, ಆಚೆ ಜೆಟ್ಟು ಚಟ್ ಚಟ್ ಎನ್ನುತ್ತಲೇ ಇತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ.

ಎಲ್ಲ ದಿನವೂ ಹಾಗಿರಲಿಲ್ಲ. ಒಂದು ಸಂಜೆ ತೋಟದೊಳಗೆ, ಜೆಟ್ಟಿನ ತುಂತುರು ಮುಖಕ್ಕೆ ತಾಗುವಷ್ಟು ಹತ್ತಿರ ಕೂತಿದ್ದಾಗ ಒಂದೇ ಒಂದು ಜೇನು ಬೆಲ್ಲಕ್ಕೆ ಬಂದು ಕೂತಿತು. ನಾನು ಲೋಟ ಚೆಲ್ಲಿ ಓಡಿದೆ. ಗೇಟಿಗೆ ಬಂದು ನೋಡಿದರೆ ಅತ್ತೆ ನನಗಿಂತ ಮುಂದೆ ಹೋಗಿ ನಿಂತಿದ್ದಾರೆ. ಒಲೆ ಮೇಲೆ ಹಾಲಿಟ್ಟು ಬಂದಿದ್ದೆ ಎಂದರು. ಒಲೆಯ ಮೇಲೆ ಹಾಲಿರಲಿಲ್ಲ. ಮುದುಕಿಗೆ ಮರೆವು ಎಂದುಕೊಂಡು ನಾನು ಸುಮ್ಮನಾದೆ. ಮರುದಿನ ಚಾಪೆ ಮತ್ತೆ ಗೇಟಿಗೆ ಬಂತು, ಆಮೇಲೆ ಮತ್ತೆ ಒಳಗೆ ಹೋಯಿತು.

ಮೇಲಿನ ಬ್ಲಾಕು ಅರಳುವ ಹೊತ್ತಿಗೆ ಸರಿಯಾಗಿ ನನ್ನ ಅಕ್ಕನ ಮಗಳು ರಜೆಗೆ ಬಂದಳು. ಮೈಸೂರಿನಲ್ಲಿ ಡಾಕ್ಟರ್ ಓದುತ್ತಿದ್ದವಳು. ಕಾಫಿ ಹೂ ನೋಡಬೇಕೆಂದು ಆಲೂರಿನಿಂದ ಬೆಳಗಿನ ಬಸ್ಸಿಗೇ ಹೊರಟು ಬಂದಿದ್ದಳು. ಅತ್ತೆ ಆಗಲೇ ಅಕ್ಕಿತರಿ ಬೇಯಿಸಿ ಉಂಡೆ ಕಟ್ಟುತ್ತಿದ್ದರು. ಆ ಉಗಿ ನೋಡಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಹೆದರಬೇಕೆನ್ನುವುದೇ ತಡವಾಗಿ ನೆನಪಾಯಿತು.

ಮೂವರೂ ಹೊರಟೆವು. ತೋಟವೆಲ್ಲ ಬೆಳ್ಳಗೆ, ಕೊಂಬೆ ಕೊಂಬೆಗೂ ಹೂವಿನ ಮುದ್ದೆ. ಕೆಳಗಿನ ಬ್ಲಾಕಿನಲ್ಲಿ ಜೆಟ್ಟು ತಿರುಗುತ್ತಿತ್ತು. ವಾಸನೆ, ಸದ್ದು, ಎರಡೂ ಅವತ್ತಿನ ಹಾಗೇ. ಮೈ ಜುಮ್ಮೆಂದಿತು. ಆದರೆ ಕಾಲು ನನ್ನ ಮಾತು ಕೇಳಿತು. ಬಂಡೆ ಹತ್ತುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಅಂಗೈ ಒದ್ದೆಯಾಗಿ ಜಾರುತ್ತಿತ್ತು. ಅದು ನನ್ನ ಬೆವರೇ ಎಂದುಕೊಂಡೆ.

ತಿನ್ನುತ್ತ ತಿನ್ನುತ್ತ ಅಕ್ಕನ ಮಗಳಿಗೆ ನನ್ನ ಕಥೆಯನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ಅವಳ ಓದಿನಲ್ಲಿ ಇದೇ ಬಂದಿತ್ತಂತೆ. ತಲೆಯೊಳಗೆ ಎಡಕ್ಕೊಂದು ಬಲಕ್ಕೊಂದು ಬಾದಾಮಿಯಷ್ಟು ದೊಡ್ಡದಾದ ಭಾಗವಿದೆ, ಅದಕ್ಕೆ ಅಮಿಗ್ಡಲ ಎನ್ನುತ್ತಾರೆ ಎಂದಳು. ಕಾಫಿ ಹಣ್ಣಿನೊಳಗಿನ ಎರಡು ಬೀಜದ ಹಾಗಾ ಎಂದು ಅತ್ತೆ ಕೇಳಿದರು. ಬೇರೆ ಬೇರೆ ಕಡೆ ಇರುತ್ತವೆ ಅಜ್ಜಿ, ಆದರೆ ಜೋಡಿಯೇ ಎಂದಳು. ಅಪಾಯ ಬಂದಾಗ ಸುತ್ತ ಯಾವ ಸದ್ದಿತ್ತು, ಯಾವ ವಾಸನೆಯಿತ್ತು ಎಂಬುದನ್ನು ಅದು ಒಂದೇ ಏಟಿಗೆ ಕಲಿತುಬಿಡುತ್ತದೆ. ಮುಂದೆ ಆ ಸದ್ದು ಕೇಳಿದರೆ ಸಾಕು, ನಾವು ಯೋಚನೆ ಮುಗಿಸುವ ಮೊದಲೇ ಕಾಲಿಗೆ ಅಪ್ಪಣೆ ಹೋಗಿರುತ್ತದೆ. ತಪ್ಪಿ ಹತ್ತು ಸಲ ಓಡಿದರೂ ನಷ್ಟವಿಲ್ಲ, ಓಡಬೇಕಾದಾಗ ಒಂದು ಸಲ ನಿಂತರೆ ಕಷ್ಟ, ಅದರ ಲೆಕ್ಕ ಹಾಗೆ. ಕಲಿತದ್ದನ್ನು ಅಳಿಸುವುದು ಸುಲಭವಲ್ಲವಂತೆ. ಸದ್ದು ಬಂತು, ಏನೂ ಆಗಲಿಲ್ಲ ಎಂಬ ಇನ್ನೊಂದು ಪಾಠವನ್ನು ಅದರ ಪಕ್ಕದಲ್ಲೇ, ಓಡದೆ ಕೂತು, ಮತ್ತೆ ಮತ್ತೆ ಕಲಿಸಬೇಕಂತೆ. ಹಳೆಯದು ಯಾವಾಗಲಾದರೂ ತಲೆ ಎತ್ತಬಹುದು, ಆಗ ಮತ್ತೆ ಕೂರಬೇಕು.

"ಅದು ಹಸೂಗೂ ಐತಾ?" ಅತ್ತೆ ಕೇಳಿದರು.

ಹಸುವಿಗೂ ಇದೆ, ನಾಯಿಗೂ ಇದೆ ಎಂದಳು ಇವಳು.

"ವಯಸ್ಸಾದೋರ್ಗೂ?"

ಅವರಿಗೂ ಇದೆ ಎಂದಳು. ಅತ್ತೆ ಕೈಯಲ್ಲಿದ್ದ ಕಡುಬನ್ನು ತಟ್ಟೆಗೆ ಇಟ್ಟರು. ಸ್ವಲ್ಪ ಹೊತ್ತು ಕೆಳಗಿನ ಬ್ಲಾಕಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವತ್ತು ಆ ಗೋಣಿಚೀಲ್ದೊಳ್ಗೆ ಇದ್ದಿದ್ದು ನಾವಿಬ್ರು ಕಣವ್ವ."

ಮಂಡಿ ನೋವು, ಇಲ್ಲದ ಹಾಲು, ಬಂಡೆ ಹತ್ತುವಾಗ ಒದ್ದೆಯಾದ ಅಂಗೈ, ಎಲ್ಲ ಒಂದೊಂದಾಗಿ ನೆನಪಾದವು. ಎರಡು ವರ್ಷ ಈ ಹೆಂಗಸು ನನ್ನಷ್ಟೇ ಹೆದರಿ, ಯಾರಿಗೂ ಹೇಳದೆ, ನನ್ನನ್ನು ಕರೆದೊಯ್ಯುವ ನೆಪದಲ್ಲಿ ತನ್ನನ್ನೂ ಒಂದೊಂದೇ ಹೆಜ್ಜೆ ಕರೆದುಕೊಂಡು ಬಂದಿದ್ದರು. ಚಾಪೆಯ ಮೇಲೆ ಯಾವಾಗಲೂ ಎರಡು ಲೋಟ ಇರುತ್ತಿದ್ದವಲ್ಲ, ಎರಡನೆಯದೂ ಹೆದರಿಕೆಯ ಮದ್ದೇ ಎಂದು ನನಗೆ ಹೊಳೆದೇ ಇರಲಿಲ್ಲ. ಹೇಳಬಾರದಾಗಿತ್ತಾ ಅತ್ತೆ ಎಂದೆ. ದೊಡ್ಡವಳೇ ಹೆದರಿದ್ದಾಳೆ ಎಂದು ಗೊತ್ತಾದರೆ ನೀನು ಆ ಮೂಟೆ ಸಂದಿಯಿಂದ ಈಚೆಗೇ ಬರುತ್ತಿರಲಿಲ್ಲ ಎಂದರು. ಅದೂ ನಿಜವೇ. ಅಕ್ಕನ ಮಗಳು ಈ ನಡುವೆ ಪಾತ್ರೆ ಖಾಲಿ ಮಾಡಿದ್ದಳು.

ಇಳಿದು ಬರುವಾಗ ಅತ್ತೆ ಕಿವಿಗೆ ಒಂದು ಗೊಂಚಲು ಕಾಫಿ ಹೂ ಸಿಕ್ಕಿಸಿಕೊಂಡಿದ್ದರು, ಎಲೆಕೋಸಾಗಿದ್ದ ಅದೇ ಕಿವಿಗೆ. ಮನೆಗೆ ಬಂದವರೇ ಸ್ಟೂಲು ಎಳೆದುಕೊಂಡು ಹತ್ತಿ, ಗಡಿಯಾರದ ಗಾಜಿನ ಬಾಗಿಲು ತೆಗೆದರು. ಕೀಲಿ ಅದರೊಳಗೇ ಇತ್ತು. ಕೆಟ್ಟಿರಲಿಲ್ಲ. ನನಗಾಗಿ ನಿಲ್ಲಿಸಿದ್ದಾರೆ ಎಂದು ನಾನು ಅಷ್ಟು ದಿನ ಹೆಮ್ಮೆಪಟ್ಟಿದ್ದೆ. ಅವರು ಕೀಲಿ ತಿರುವಿ, ಬೆರಳಿನಿಂದ ಲೋಲಕವನ್ನು ಮೆಲ್ಲಗೆ ತಳ್ಳಿದರು. ಟಿಕ್ ಟಿಕ್ ಟಿಕ್ ಎಂದಿತು ನಡುಮನೆ. ಅತ್ತೆ ಸ್ಟೂಲಿನ ಮೇಲೆ ಹಾಗೇ ನಿಂತುಬಿಟ್ಟರು, ಒಂದು ಕೈ ಗೋಡೆಯ ಮೇಲೆ. ಮುಖ ಬಿಳಿಚಿಕೊಂಡಿತ್ತು.

ನಾನು ಅವರ ಕೈ ಹಿಡಿದು ಇಳಿಸಿದೆ. ಗಡಿಯಾರದ ಕೆಳಗೇ ಚಾಪೆ ಹಾಸಿದೆ. ಅಡಿಗೆಮನೆಗೆ ಹೋಗಿ ಎರಡು ಲೋಟ ಕಾಫಿ ಬೆರೆಸಿಕೊಂಡು ಬಂದೆ. ಅತ್ತೆ ಒಂದು ಗುಟುಕು ಕುಡಿದು, ತಲೆಯೆತ್ತಿ ನೋಡಿ, ಏಳಲು ಹೊರಟರು. ಅರ್ಧ ಬಿಟ್ಟು ಏಳಬಾರದು, ಖಾಲಿಯಾಗುವ ತನಕ ಕೂತ್ಕೊಳ್ಳಿ ಎಂದೆ. ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು, ಆಮೇಲೆ ನಕ್ಕು, ಗೋಡೆಗೆ ಒರಗಿ ಕೂತರು. ಕಾಫಿ ಪೂರ್ತಿ ಮುಗಿಸಿದೆವು, ಇಬ್ಬರೂ.